ತಡ್ಪೆಯ ಬದಿಯಲ್ಲಿ ಬೆಳೆದವರು

1970ರ ದಶಕದಲ್ಲಿ ಕಾರ್ಕಳದ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ ಎಂಬ ಮೊರ, ಅದರಲ್ಲಿ ಹೊಗೆಸೊಪ್ಪಿನ ಪುಡಿ, ನೆನೆಸಿ ಕತ್ತರಿಸಿದ ಎಲೆ, ನೂಲು. ಒಂದರ ತುದಿ ಮಡಚಿ ನೂಲು ಬಿಗಿಯುವಷ್ಟರಲ್ಲಿ ಇನ್ನೊಂದು ಎಲೆ ಕೈಗೆ ಬಂದಿರುತ್ತಿತ್ತು. ಲೆಕ್ಕ ತುಂಬಬೇಕು, ಕಂಪನಿಯ ಬ್ರಾಂಚಿನಲ್ಲಿ ಬೀಡಿ ತಿರಸ್ಕರಿಸಿದರೆ ಕೂಲಿ ಕಡಿತ. ಹೊಗೆಸೊಪ್ಪಿನ ಧೂಳು ನಮ್ಮ ಮೂಗಿಗೂ ಬರುತ್ತಿತ್ತು. ಸುಖದ ಕಾಲವೇನಲ್ಲ.

ಆದರೆ ಕೆಲಸ ಕೈಗಷ್ಟೇ, ಬಾಯಿಗೆ ಬಿಡುವಿತ್ತು. ತಮ್ಮ ಕೇಳಿದ್ದಕ್ಕೆಲ್ಲ ಅಮ್ಮ ಉತ್ತರ ಕೊಡುತ್ತಲೇ ಎಲೆ ಸುತ್ತುತ್ತಿದ್ದರು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ರೇಡಿಯೋ ಕೂಡ ಜಗಲಿಗೆ ಬಂತು. ಅದು ಯಾರ ಕಣ್ಣನ್ನೂ ಹಿಡಿದಿಡಲಿಲ್ಲ. ಅಮ್ಮನಿಗೆ ಸಾಕಾದರೆ ಅಜ್ಜಿ, ಅಜ್ಜಿ ಗದ್ದೆಗೆ ಹೋದರೆ ದೊಡ್ಡಮ್ಮ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಆಟಿ ತಿಂಗಳ ಮಳೆಗೆ ಆಟದ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿತ್ತು. ಹದಿನಾಲ್ಕು ಗುಳಿಗಳಿಗೆ ಮಂಜೊಟ್ಟಿ ಕಾಯಿ ಹಂಚುತ್ತ ನಾವು ಎಣಿಸಲು ಕಲಿತೆವು.

ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ದೊಡ್ಡ ಮನೆಗಳು ಆಗಲೇ ಒಡೆಯುತ್ತಿದ್ದವು. 1949ರ ಮದ್ರಾಸ್ ಕಾಯ್ದೆ ಪಾಲಿಗೆ ದಾರಿ ಮಾಡಿತು, 1974ರ ಭೂಸುಧಾರಣೆ ಗುತ್ತು ಮನೆತನಗಳ ಗೇಣಿಯನ್ನು ಕೊನೆಗಾಣಿಸಿತು. ಗಂಡಸರು ಮುಂಬಯಿಯ ಹೋಟೆಲುಗಳಿಗೆ, ಆಮೇಲೆ ಗಲ್ಫಿಗೆ ಹೋದರು. 1953ರಲ್ಲಿ ವೈದ್ಯಕೀಯ ಕಾಲೇಜು ಬಂದ ಮಣಿಪಾಲ ಪಟ್ಟಣವಾಗಿ ಬೆಳೆದು, ಹೆಂಗಸರಿಗೂ ಸಂಬಳದ ಕೆಲಸ ಕೊಟ್ಟಿತು. ಇವೆಲ್ಲ ಬೇಕಾದ ಬದಲಾವಣೆಗಳೇ. ಮಗುವನ್ನು ಎತ್ತಿಕೊಳ್ಳುವ ಕೈಗಳು ಮಾತ್ರ ಒಂದೊಂದಾಗಿ ಕಡಿಮೆಯಾದವು.

ಪರದೆಯೂ ಮೊದಲು ಹಂಚಿಕೊಂಡದ್ದೇ: 1987ರಲ್ಲಿ ಟಿವಿಯ 'ರಾಮಾಯಣ' ನೋಡಲು ವಠಾರವೇ ಒಂದು ಮನೆಯಲ್ಲಿ ಸೇರುತ್ತಿತ್ತು. 2020ರ ಲಾಕ್‌ಡೌನ್‌ನಲ್ಲಿ ಶಾಲೆಯ ಪಾಠವೇ ಮೊಬೈಲಿಗೆ ಬಂತು. ಅಣ್ಣನ ಪಾಠದ ಮೊಬೈಲನ್ನು ತೊಟ್ಟಿಲ ತಂಗಿಯೂ ನೋಡಿದಳು. ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡ, ಆಮೇಲೆ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿತ್ತು. ಮಾತು ಸರಿ. ಆದರೆ ಡ್ಯೂಟಿ ಮುಗಿಸಿ ಬಂದು, ಒಬ್ಬಳೇ ಅಡುಗೆಗೆ ನಿಂತ ತಾಯಿ ಆ ಹೊತ್ತು ಮಗುವನ್ನು ಯಾರ ಕೈಗೆ ಕೊಡಬೇಕು? ದಣಿದಾಗ ಮೊಬೈಲ್ ಕೊಡುತ್ತಾಳೆ. ಕಸಿದರೆ ಮಗು ರಂಪ ಮಾಡುತ್ತದೆ, ದಣಿವು ಇನ್ನೂ ಹೆಚ್ಚುತ್ತದೆ.

"ನಾವು ಮೊಬೈಲ್ ಇಲ್ಲದೆ ಸಾಕಲಿಲ್ಲವೇ" ಎನ್ನುವ ನನ್ನ ಓರಗೆಯವರಿಗೆ ನಾನು ಹೇಳುವುದಿಷ್ಟೇ: ನಾವು ಒಬ್ಬರೇ ಸಾಕಲಿಲ್ಲ. ಕಾಪುವಿನಲ್ಲಾಗಲಿ ಉಡುಪಿಯಲ್ಲಾಗಲಿ, ಸಂಜೆ ಅರ್ಧ ಗಂಟೆ ಪಕ್ಕದ ಮನೆಯ ಮಗುವನ್ನು ಕರೆದು ಕೂರಿಸಿಕೊಳ್ಳಿ. ಅಪ್ಪಂದಿರು ಅನ್ನದ ಬಟ್ಟಲು ಕೈಗೆತ್ತಿಕೊಳ್ಳಲಿ. ತಾಯಿಗೆ ಬುದ್ಧಿ ಹೇಳುವುದನ್ನು ಆಮೇಲೆ ನೋಡೋಣ.