ಟರ್ನರನ ಟೆಮರೇರ್: ಜಲದೃಶ್ಯದಲ್ಲಿ ಸಂಕೇತ ಮತ್ತು ಸಾಕ್ಷ್ಯ

ನೌಕೆಯನ್ನು ಮನುಷ್ಯನ ಬಾಳಿಗೂ ನೀರನ್ನು ಅದು ಸಾಗುವ ಕಾಲಕ್ಕೂ ಸಂಕೇತವಾಗಿಸುವುದು ಯುರೋಪಿನ ಭೂದೃಶ್ಯ ಚಿತ್ರಕಲೆಯಲ್ಲಿ ಹಳೆಯ ರೂಢಿ. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ 1835ರ ಸುಮಾರಿಗೆ ರಚಿಸಿದ ‘ಬದುಕಿನ ಘಟ್ಟಗಳು’ ಚಿತ್ರದಲ್ಲಿ ದಡದ ಮೇಲೆ ಐವರಿದ್ದಾರೆ, ಕಡಲಿನಲ್ಲಿ ಐದು ಹಡಗುಗಳಿವೆ; ಹೋಲಿಕೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಇಂಗ್ಲೆಂಡಿನ ಜೆ.ಎಂ.ಡಬ್ಲ್ಯು. ಟರ್ನರ್ 1839ರಲ್ಲಿ ಪ್ರದರ್ಶಿಸಿದ ‘ಫೈಟಿಂಗ್ ಟೆಮರೇರ್’ ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಅಲ್ಲಿ ಸಂಕೇತವಾಗಿರುವುದು ದಾಖಲೆಗಳುಳ್ಳ ಒಂದು ನಿಜವಾದ ನೌಕೆ. ಆದ್ದರಿಂದ ಚಿತ್ರವನ್ನು ಚರಿತ್ರೆಯ ಆಕರವಾಗಿ ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆ ಏಳುತ್ತದೆ.

98 ತೋಪುಗಳ ಟೆಮರೇರ್ ನೀರಿಗಿಳಿದದ್ದು 1798ರಲ್ಲಿ. 1805ರ ಟ್ರಫಾಲ್ಗರ್ ಕದನದಲ್ಲಿ ಅದು ನೆಲ್ಸನ್ನನ ವಿಕ್ಟರಿ ನೌಕೆಯ ಬೆನ್ನಿಗೇ ನುಗ್ಗಿ ಅದರ ನೆರವಿಗೆ ನಿಂತಿತು. ಮುಂದೆ ಸೆರೆಮನೆಯಾಗಿ, ಉಗ್ರಾಣವಾಗಿ ಸವೆದು, 1838ರಲ್ಲಿ ಹಡಗು ಒಡೆಯುವ ವ್ಯಾಪಾರಿಗೆ 5,530 ಪೌಂಡಿಗೆ ಮಾರಾಟವಾಯಿತು. ಆ ಸೆಪ್ಟೆಂಬರಿನಲ್ಲಿ ಷೀರ್‌ನೆಸ್‌ನಿಂದ ಥೇಮ್ಸ್ ನದಿಯ ಮೂಲಕ ರಾದರ್‌ಹೈದ್‌ಗೆ ಅದನ್ನು ಎಳೆದೊಯ್ದಾಗ ಹಾಯಿಕಂಬಗಳನ್ನು ಆಗಲೇ ಕಳಚಲಾಗಿತ್ತು. ಎಳೆದವು ಎರಡು ಉಗಿದೋಣಿಗಳು. ಸಾಗಿದ ದಿಕ್ಕು ಪಡುವಣ.

ಚಿತ್ರ ಹೇಳುವುದೇ ಬೇರೆ. ಹಾಯಿಕಂಬಗಳು ನೆಟ್ಟಗೆ ನಿಂತಿವೆ. ಉಗಿದೋಣಿ ಒಂದೇ. ಮುಳುಗುವ ಸೂರ್ಯನು ನೌಕೆಯ ಹಿಂದಿದ್ದಾನೆ. ಎಂದರೆ ಅದು ಪಡುವಣಕ್ಕೆ ಬೆನ್ನುಮಾಡಿ ಬರುತ್ತಿದೆ! ಇವನ್ನು ಪ್ರಮಾದಗಳೆನ್ನಲಾಗದು. ಕಂಬವಿಲ್ಲದ ಮರದ ಒಡಲನ್ನು ಬರೆದಿದ್ದರೆ ಅದೊಂದು ಸಾಗಾಟದ ವರದಿಯಾಗುತ್ತಿತ್ತು. ಇಲ್ಲಿ ಬಿಳಿಚಿದ, ಮೈಯೇ ಇಲ್ಲವೆಂಬಂತಿರುವ ನೌಕೆಯ ಮುಂದೆ ಕಪ್ಪು ಉಗಿದೋಣಿ ಬೆಂಕಿಯುಗುಳುತ್ತದೆ. ಕದನದ ಕಡಲಿನ ನೆನಪನ್ನು ತರಬಹುದಾಗಿದ್ದ ಅಲೆಗಳಿಲ್ಲ. ಕನ್ನಡಿಯಂತಹ ನದಿಯು ಸೂರ್ಯನ ಕೆಂಪನ್ನು ಹೀರಿಕೊಂಡು ಸುಮ್ಮನಿದೆ. ಚಿತ್ರದ ಶೋಕವೆಲ್ಲ ಈ ನಿಶ್ಚಲ ಜಲದಲ್ಲಿದೆ.

ಹಾಯಿಯ ಯುಗವನ್ನು ಉಗಿಯ ಯುಗ ಕೊಂದಿತೆಂಬ ವ್ಯಾಖ್ಯಾನ ಪ್ರಚಲಿತವಾಗಿದೆ. ಅದನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಟೆಮರೇರನ್ನು ಮುಗಿಸಿದ್ದು ವಯಸ್ಸು. 1838ರಲ್ಲಿ ಬ್ರಿಟನ್ನಿನ ದೊಡ್ಡ ಯುದ್ಧನೌಕೆಗಳು ಇನ್ನೂ ಹಾಯಿಯವೇ ಆಗಿದ್ದವು. ಟರ್ನರನಂತೂ 1842ರಲ್ಲಿ ಹಿಮಬಿರುಗಾಳಿಗೆ ಸಿಕ್ಕಿದ ಉಗಿಹಡಗನ್ನೂ 1844ರಲ್ಲಿ ಮಳೆಯೊಳಗೆ ಧಾವಿಸುವ ರೈಲನ್ನೂ ಬೆರಗಿನಿಂದಲೇ ಚಿತ್ರಿಸಿದವನು. ಈ ಚಿತ್ರ 1838ರ ಘಟನೆಗೆ ದುರ್ಬಲ ಸಾಕ್ಷ್ಯ. ಆ ಘಟನೆಯನ್ನು ಕಂಡ ಬಗೆಗೆ ಮಾತ್ರ ಪ್ರಬಲ ಸಾಕ್ಷ್ಯ.

ನೌಕೆಯ ಮರದಿಂದ ಮಾಡಿದ ಕೆಲವು ಪೀಠೋಪಕರಣಗಳು ರಾದರ್‌ಹೈದ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಉಳಿದಿವೆ. ಚಿತ್ರವನ್ನು ಟರ್ನರ್ ಯಾರಿಗೂ ಮಾರಲಿಲ್ಲ. 1851ರಲ್ಲಿ ಅವನು ತೀರಿಕೊಂಡ ಬಳಿಕ, ಉಯಿಲಿನ ಮೂಲಕ 1856ರಲ್ಲಿ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯನ್ನು ಸೇರಿತು.