ಅಕ್ಬರನ ಆಸ್ಥಾನದಲ್ಲಿ ಬಿಜಾಪುರದ ಹೊಗೆಸೊಪ್ಪು

ಮಾದಕದ್ರವ್ಯಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಸಾಮಾನ್ಯವಾಗಿ ಅವುಗಳ ಆದಿಯು ಸಿಕ್ಕುವುದಿಲ್ಲ. ಸುರೆಯ ಪ್ರಸ್ತಾಪವು ಋಗ್ವೇದದಲ್ಲಿಯೇ ಇದೆ. ಕಳ್ಳೆಂಬ ಮಾತು ದ್ರಾವಿಡಭಾಷೆಗಳ ಹಳೆಯ ಸೊತ್ತು. ಇವುಗಳನ್ನು ಮೊದಲು ಸವಿದವರು ಯಾರು, ಮೊದಲು ಹಳಿದವರು ಯಾರು ಎಂದು ಕೇಳುವುದು ವ್ಯರ್ಥ. ಹೊಗೆಸೊಪ್ಪಿನ ಸಂಗತಿಯಾದರೋ ಬೇರೆ. ಅದು ಅಮೆರಿಕಾ ಖಂಡದ ಸಸ್ಯ. ೧೪೯೨ರಲ್ಲಿ ಕೊಲಂಬಸನು ಆ ಕಡೆಯ ದ್ವೀಪಗಳನ್ನು ಮುಟ್ಟುವವರೆಗೆ ಯೂರೋಪಿನವರಾಗಲಿ ನಮ್ಮವರಾಗಲಿ ಅದನ್ನು ಕಂಡಿರಲಿಲ್ಲ. ಅದು ಉತ್ತರಹಿಂದೂಸ್ಥಾನದ ರಾಜಸಭೆಯೊಂದನ್ನು ಪ್ರವೇಶಿಸಿದ ಗಳಿಗೆಯನ್ನು ಅದನ್ನು ಕೊಂಡೊಯ್ದವನೇ ಬರೆದಿಟ್ಟಿದ್ದಾನೆ. ಅಂದು ಸಭೆಯಲ್ಲಿ ನಡೆದ ವಾದವೂ ಆ ಬರೆಹದಲ್ಲಿ ಉಳಿದಿದೆ. ಆ ಸೊಪ್ಪು ಹೋದುದು ಕನ್ನಡನಾಡಿನ ಬಿಜಾಪುರದಿಂದ. ಈ ಕಾರಣದಿಂದ ಆ ಪ್ರಸಂಗವು ನಮ್ಮವರ ವಿಶೇಷವಾದ ಪರಿಶೀಲನೆಗೆ ಅರ್ಹವಾಗಿದೆ.

ಬರೆದವನು ಅಸದ್ ಬೇಗ್. ಈತನು ಅಕ್ಬರ್ ಬಾದಶಹನ ಸೇವೆಯಲ್ಲಿದ್ದ ಅಧಿಕಾರಿ. ಆ ಕಾಲದಲ್ಲಿ ಬಿಜಾಪುರವನ್ನು ಆಳುತ್ತಿದ್ದವನು ಎರಡನೆಯ ಇಬ್ರಾಹಿಂ ಆದಿಲಶಹನು (೧೫೮೦–೧೬೨೭). ಅವನ ಮಗಳನ್ನು ಅಕ್ಬರನ ಕಿರಿಯ ಮಗನಾದ ದಾನಿಯಾಲನಿಗೆ ತಂದುಕೊಳ್ಳುವ ಮಾತುಕತೆ ನಡೆದಿದ್ದಿತು. ಇದಕ್ಕಾಗಿ ಹೋದ ರಾಯಭಾರಿ ಮೀರ್ ಜಮಾಲುದ್ದೀನ್ ಹುಸೇನನು ಬಿಜಾಪುರದಲ್ಲಿಯೇ ಬಹುಕಾಲ ನಿಂತುಬಿಟ್ಟನು. ಅವನನ್ನೂ ವಧುವನ್ನೂ ಹೊರಡಿಸಿಕೊಂಡು ಬರುವುದಕ್ಕೆಂದು ಬಾದಶಹನು ಅಸದ್ ಬೇಗನನ್ನು ಕಳುಹಿಸಿದನು. ೧೬೦೪ರಲ್ಲಿ ದಿಬ್ಬಣವು ಹೊರಟಿತು. ಪ್ರಸಿದ್ಧ ಇತಿಹಾಸಕಾರನಾದ ಫಿರಿಷ್ತಾನೂ ವಧುವಿನ ಜೊತೆಯಲ್ಲಿದ್ದನು. ಗೋದಾವರೀತೀರದ ಪೈಠಣದಲ್ಲಿ ವಿವಾಹವಾಯಿತು. ಅಸದ್ ಬೇಗನು ಬಾದಶಹನಿಗೆ ಒಪ್ಪಿಸತಕ್ಕ ಕಾಣಿಕೆಗಳೊಡನೆ ಆಗ್ರಾಕ್ಕೆ ಹಿಂದಿರುಗಿದನು.

ಆ ಕಾಣಿಕೆಗಳಲ್ಲಿ ಒಂದು ಬೆಳ್ಳಿಯ ತಟ್ಟೆ. ಅದರ ಮೇಲೆ ರತ್ನಖಚಿತವಾದ ಒಂದು ಹೊಗೆನಳಿಗೆ. ನಳಿಗೆಯ ದಂಡವು ಸುಮಾತ್ರಾದ ಅಚೆಯಿಂದ ಬಂದುದು, ಮೂರು ಮೊಳ ಉದ್ದ. ಬಾಯಿಗಿಡುವ ತುದಿಯು ಯೆಮನ್ ದೇಶದ ಕೆಂಪುಕಲ್ಲು. ಕೆಂಡಕ್ಕೆ ಚಿನ್ನದ ಬಟ್ಟಲು. ಆದಿಲಶಹನು ಉಡುಗೊರೆಯಾಗಿ ಕೊಟ್ಟ ಎಲೆಯಡಿಕೆಯ ಚೀಲದಲ್ಲಿ ಹೊಗೆಸೊಪ್ಪನ್ನು ತುಂಬಿಟ್ಟಿದ್ದನು. ಇಂತಹ ವಸ್ತುವನ್ನು ತಾನು ಹಿಂದೂಸ್ಥಾನದಲ್ಲಿ ಹಿಂದೆ ಕಂಡಿರಲಿಲ್ಲವೆಂದೂ ಬಿಜಾಪುರದಲ್ಲಿಯೇ ಕಂಡೆನೆಂದೂ ಅವನು ಸ್ಪಷ್ಟವಾಗಿ ಹೇಳುತ್ತಾನೆ. ದಕ್ಷಿಣದಲ್ಲಿ ಹೊಗೆಸೊಪ್ಪು ಉತ್ತರಕ್ಕಿಂತ ಮೊದಲೇ ನೆಲೆಗೊಂಡಿತ್ತೆಂಬುದಕ್ಕೆ ಇದು ಬಲವಾದ ಸಾಕ್ಷ್ಯ. ಗೋವೆಯು ೧೫೧೦ರವರೆಗೆ ಬಿಜಾಪುರದವರದೇ ಆಗಿದ್ದು ಆಮೇಲೆ ಪೋರ್ತುಗೀಸರ ಕೈಸೇರಿತು. ಆ ಬಂದರಿನ ನೆರೆಯಲ್ಲಿದ್ದ ರಾಜಧಾನಿಗೆ ಪೋರ್ತುಗೀಸರು ತಂದ ಸರಕು ಬೇಗ ಮುಟ್ಟಿದುದರಲ್ಲಿ ಆಶ್ಚರ್ಯವಿಲ್ಲ. ಗಿಡವು ಅಮೆರಿಕದ್ದು, ದಂಡವು ಸುಮಾತ್ರಾದ್ದು, ಕಲ್ಲು ಅರಬಸ್ಥಾನದ್ದು, ಚೀಲವು ಬಿಜಾಪುರದ್ದು. ಆ ಕಾಲದ ಸಮುದ್ರವ್ಯಾಪಾರವೆಲ್ಲವೂ ಒಂದು ತಟ್ಟೆಯಲ್ಲಿ ಕೂಡಿತ್ತೆನ್ನಬಹುದು.

ಅಕ್ಬರನ ಕಣ್ಣು ಆ ತಟ್ಟೆಯ ಮೇಲೆ ಬಿದ್ದಿತು. ಇದೇನೆಂದು ಕೇಳಿದನು. ಬಳಿಯಲ್ಲಿದ್ದ ಖಾನ್-ಇ-ಆಜಮನು, ಇದು ತಂಬಾಕು, ಮಕ್ಕಾ ಮದೀನಗಳಲ್ಲಿ ಎಲ್ಲರೂ ಬಲ್ಲರು, ಪ್ರಭುಗಳಿಗೆ ಔಷಧವೆಂದು ತಂದಿದ್ದಾನೆ ಎಂಬರ್ಥದ ಉತ್ತರವನ್ನು ಕೊಟ್ಟನು. ಔಷಧವೆಂಬ ಈ ಮಾತನ್ನು ನಾವು ಗಮನಿಸಬೇಕು. ಬಾದಶಹನು ನಳಿಗೆಯನ್ನು ಸಿದ್ಧಪಡಿಸಿ ಕೊಡೆಂದು ಆಜ್ಞಾಪಿಸಿ ಸೇದುವುದಕ್ಕೆ ತೊಡಗಿದನು. ಒಡನೆಯೇ ಅರಮನೆಯ ವೈದ್ಯನು ಮುಂದೆ ಬಂದು ತಡೆದನು. ತಂದವನ ಸಂತೋಷಕ್ಕಾಗಿಯಾದರೂ ಸ್ವಲ್ಪ ಸೇದಬೇಕೆಂದು ಹೇಳಿ ಅಕ್ಬರನು ಎರಡು ಮೂರು ಸಲ ಎಳೆದನು. ವೈದ್ಯನು ಕಳವಳಗೊಂಡು ಅದಕ್ಕೆ ಮೀರಗೊಡಲಿಲ್ಲ.

ಮುಂದೆ ನಡೆದುದೇ ವಾದ. ಇದರ ಗುಣವೇನೆಂದು ಕೇಳಲಾಗಿ ಔಷಧಗಾರನು, ತನ್ನ ಗ್ರಂಥಗಳಲ್ಲಿ ಇದರ ಹೆಸರೇ ಇಲ್ಲವೆಂದೂ ಯೂರೋಪಿನ ವೈದ್ಯರು ಬಹುವಾಗಿ ಹೊಗಳಿದ್ದಾರೆಂದೂ ತಿಳಿಸಿದನು. ವೈದ್ಯನ ನಿಲುವು ಇದು: ಪರೀಕ್ಷೆಯಾಗದ ವಸ್ತುವಿನ ಗುಣವನ್ನು ಹೇಳುವುದೆಂತು? ಅರಿಯದುದನ್ನು ಪ್ರಭುಗಳು ಸೇವಿಸುವುದು ತರವಲ್ಲ. ನಮ್ಮ ಪ್ರಾಜ್ಞರು ಒಪ್ಪದ ಪರದೇಶದ ಆಚಾರವು ನಮಗೆ ಬೇಡ. ಅಸದ್ ಬೇಗನ ನಿಲುವು ಇದು: ಯೂರೋಪಿನವರಲ್ಲಿಯೂ ವಿವೇಕಿಗಳಿದ್ದಾರೆ, ಲೋಕದ ಆಚಾರಗಳೆಲ್ಲವೂ ಒಂದು ಕಾಲದಲ್ಲಿ ಹೊಸವಾಗಿದ್ದುವೇ, ಪರೀಕ್ಷಿಸದೆ ಒಪ್ಪುವುದು ಹೇಗೆ ತಪ್ಪೋ ಪರೀಕ್ಷಿಸದೆ ತಳ್ಳುವುದೂ ಹಾಗೆಯೇ ತಪ್ಪು, ಚೀನಾದ ಬೇರೊಂದು ಹಿಂದೆ ಯಾರಿಗೂ ತಿಳಿಯದುದಾಗಿದ್ದು ಈಗ ಅನೇಕ ರೋಗಗಳಿಗೆ ಮದ್ದಾಗಿಲ್ಲವೇ? ಬಾದಶಹನು ಈ ಮಾತನ್ನು ಮೆಚ್ಚಿದನು. ನಮ್ಮ ಪುಸ್ತಕದಲ್ಲಿಲ್ಲವೆಂಬ ಒಂದೇ ಕಾರಣಕ್ಕೆ ಅನ್ಯರು ಅಂಗೀಕರಿಸಿದುದನ್ನು ಬಿಟ್ಟರೆ ಮುನ್ನಡೆಯುವುದು ಹೇಗೆಂಬುದು ಅವನ ಅಭಿಪ್ರಾಯವಾಗಿದ್ದಿತು. ಆದರೂ ವೈದ್ಯನು ಒಡಂಬಡಲಿಲ್ಲ. ಕೊನೆಗೆ ಅಕ್ಬರನು ಹೊಗೆಯ ಅಭ್ಯಾಸವನ್ನು ಮಾಡಿಕೊಳ್ಳಲೂ ಇಲ್ಲ.

ಈ ವಾದವನ್ನು ಓದಿದವರು ಸಾಮಾನ್ಯವಾಗಿ ಅಸದ್ ಬೇಗನನ್ನು ನವೀನ ದೃಷ್ಟಿಯವನೆಂದೂ ವೈದ್ಯನನ್ನು ಪೂರ್ವಾಚಾರಕ್ಕೆ ಅಂಟಿಕೊಂಡವನೆಂದೂ ಎಣಿಸುವರು. ಹೊಗೆಸೊಪ್ಪಿನ ಹಾನಿಯನ್ನು ಬಲ್ಲ ಇಂದಿನವರು ಇದನ್ನು ತಲೆಕೆಳಗು ಮಾಡಿ ವೈದ್ಯನೇ ಗೆದ್ದನೆಂದು ಹೇಳಲೂಬಹುದು. ಎರಡೂ ಅವಸರದ ತೀರ್ಮಾನಗಳು. ಅಸದ್ ಬೇಗನ ತರ್ಕವು ನಿರ್ದುಷ್ಟವಾದುದು. ವಸ್ತುವನ್ನು ಅದರ ಗುಣದೋಷಗಳಿಂದಲೇ ಅಳೆಯಬೇಕೆಂಬುದನ್ನು ಯಾವ ಶಾಸ್ತ್ರಜ್ಞನೂ ನಿರಾಕರಿಸಲಾರನು. ವೈದ್ಯನ ಆಕ್ಷೇಪದಲ್ಲಿಯೂ ಎರಡು ಎಳೆಗಳಿವೆ: ಪರದೇಶದ್ದೆಂಬ ತಿರಸ್ಕಾರವೊಂದು, ಪರೀಕ್ಷೆಯಾಗಿಲ್ಲವೆಂಬ ಎಚ್ಚರಿಕೆಯೊಂದು. ಮೊದಲನೆಯದನ್ನು ಬಿಟ್ಟರೂ ಎರಡನೆಯದು ನಿಲ್ಲುವುದು. ಪರೀಕ್ಷೆಯಾಗಬೇಕೆಂಬಲ್ಲಿ ಇಬ್ಬರಿಗೂ ಭೇದವಿಲ್ಲ. ಆದರೆ ಪರೀಕ್ಷೆಯು ನಡೆಯಲಿಲ್ಲ. ಅಸದ್ ಬೇಗನು ತಂದ ಸೊಪ್ಪನ್ನು ಅಮೀರರಿಗೆ ಹಂಚಿದನು. ಪಡೆಯದವರು ಹೇಳಿಕಳುಹಿಸಿ ತರಿಸಿಕೊಂಡರು. ಬಳಿಕ ವರ್ತಕರು ಮಾರತೊಡಗಿದರು. ಅಭ್ಯಾಸವು ಬೇಗನೆ ಹಬ್ಬಿತು. ಇದನ್ನೂ ಅವನೇ ಬರೆದಿದ್ದಾನೆ. ವೈದ್ಯರ ವಿಚಾರವು ಮುಗಿಯುವುದಕ್ಕೆ ಮೊದಲೇ ವರ್ತಕರ ವ್ಯಾಪಾರವು ಮೊದಲಾಯಿತು. ಈ ಪ್ರಸಂಗದ ತಿರುಳು ಇಷ್ಟೇ.

ಯೂರೋಪಿನ ವೈದ್ಯರ ಹೊಗಳಿಕೆಯೆಂಬುದು ಸುಳ್ಳಲ್ಲ. ಫ್ರಾನ್ಸಿನ ರಾಯಭಾರಿ ನಿಕೋ ಎಂಬವನು ೧೫೬೦ರ ಸುಮಾರಿನಲ್ಲಿ ಲಿಸ್ಬನ್ನಿನಿಂದ ತನ್ನ ಅರಸುಮನೆಗೆ ಇದನ್ನು ಔಷಧವೆಂದೇ ಕಳುಹಿಸಿದನು; ನಿಕೋಟಿನ್ ಎಂಬ ಹೆಸರಿಗೆ ಮೂಲ ಇವನೇ. ಸೆವಿಲ್ ನಗರದ ವೈದ್ಯನಾದ ಮೊನಾರ್ಡೆಸನು ೧೫೭೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅನೇಕ ರೋಗಗಳಿಗೆ ಇದನ್ನು ಮದ್ದೆಂದು ಹೇಳಿದನು. ಆದರೆ ಆ ಖಂಡದಲ್ಲಿಯೂ ಏಕಾಭಿಪ್ರಾಯವಿರಲಿಲ್ಲ. ದಿಬ್ಬಣವು ಬಿಜಾಪುರದಿಂದ ಹೊರಟ ೧೬೦೪ರಲ್ಲಿಯೇ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸನು ಹೊಗೆಸೊಪ್ಪನ್ನು ಖಂಡಿಸಿ ಒಂದು ಪುಸ್ತಿಕೆಯನ್ನು ಹೊರಡಿಸಿದನು. ಪೌಂಡಿಗೆ ೨ ಪೆನ್ನಿಯಿದ್ದ ಸುಂಕವನ್ನು ೬ ಷಿಲ್ಲಿಂಗ್ ೧೦ ಪೆನ್ನಿಗೆ ಏರಿಸಿದನು. ನಮ್ಮಲ್ಲಿಯೂ ಔಷಧಕ್ಕಾಗಿ ಹೊಗೆಯನ್ನು ಸೇವಿಸುವುದು ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಮೂಲಿಕೆಗಳ ಧೂಮವರ್ತಿ, ಅದನ್ನು ಎಳೆಯುವ ನಳಿಗೆ, ಸೇವಿಸತಕ್ಕ ಕಾಲ, ಅತಿಯಾದರೆ ಆಗುವ ಕೇಡು ಇವೆಲ್ಲವೂ ನಿರೂಪಿತವಾಗಿವೆ. ಹೀಗೆ ಬಾಗಿಲು ಮೊದಲೇ ತೆರೆದಿದ್ದಿತು. ಔಷಧದ ವೇಷದಲ್ಲಿ ಬಂದ ಅತಿಥಿಯು ಒಳಹೊಕ್ಕು ಮನೆಯವನೇ ಆಗಿಬಿಟ್ಟನು. ಮುಂದಿನ ಕಾಲದ ಯೋಗರತ್ನಾಕರವೆಂಬ ವೈದ್ಯಗ್ರಂಥದಲ್ಲಿ ತಮಾಖುವಿನ ವಿಚಾರವು ಸೇರಿಕೊಂಡಿತು.

ಇನ್ನು ರಾಜಶಾಸನದ ಮಾತು. ಬಿಜಾಪುರದ ವಧುವಿನ ಕೈಹಿಡಿದ ದಾನಿಯಾಲನು ಹಿಜರಿ ೧೦೧೩ರಲ್ಲಿ, ಎಂದರೆ ೧೬೦೪–೦೫ರಲ್ಲಿ, ಬುರ್ಹಾನಪುರದಲ್ಲಿ ಕುಡಿತದಿಂದಲೇ ಸತ್ತನು. ಅವನಿಗೆ ೩೩ ವರ್ಷವೂ ತುಂಬಿರಲಿಲ್ಲ. ಮದ್ಯವು ಅವನ ಹತ್ತಿರ ಸುಳಿಯದಂತೆ ತಂದೆಯು ಕಾವಲಿಡಿಸಿದ್ದನು. ಒಬ್ಬ ಬಂದೂಕುಗಾರನು ಕೋವಿಯ ನಳಿಗೆಯಲ್ಲಿ ಸಾರಾಯಿಯನ್ನು ತುಂಬಿ ಒಳಗೆ ಸಾಗಿಸಿದನೆಂದೂ ತುಕ್ಕು ಮದ್ದಿನ ಪುಡಿಗಳು ಬೆರೆತ ಆ ಪಾನವೇ ಮೃತ್ಯುವಾಯಿತೆಂದೂ ಅಣ್ಣನಾದ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಇನ್ನೊಬ್ಬ ಸೋದರ ಮುರಾದನೂ ೧೫೯೯ರಲ್ಲಿ ಇದೇ ದಾರಿಯನ್ನು ಹಿಡಿದಿದ್ದನು. ಜಹಾಂಗೀರನಾದರೋ ತಾನು ಹದಿನೆಂಟನೆಯ ವಯಸ್ಸಿನಲ್ಲಿ ಕುಡಿಯತೊಡಗಿ, ಎರಡು ಸಲ ಭಟ್ಟಿಯಿಳಿಸಿದ ಸಾರಾಯಿಯನ್ನು ದಿನಕ್ಕೆ ೨೦ ಬಟ್ಟಲಿನವರೆಗೆ ಏರಿಸಿ, ಕೈ ನಡುಗಿ ಬಟ್ಟಲನ್ನು ಹಿಡಿಯಲಾರದ ಸ್ಥಿತಿಗೆ ಬಂದುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಅದೇ ಅರಸನು ೧೬೦೫ರಲ್ಲಿ ಪಟ್ಟವೇರಿದೊಡನೆ ಮದ್ಯವನ್ನು ಮಾಡಬಾರದು, ಮಾರಬಾರದು ಎಂದು ಶಾಸನ ಮಾಡಿದನು. ೧೬೧೭ರಲ್ಲಿ ಹೊಗೆಸೊಪ್ಪನ್ನೂ ನಿಷೇಧಿಸಿದನು. ಅದೇ ಕಾಲದ ಪಾರಸಿಕದ ಶಹ ಅಬ್ಬಾಸನೂ ಹೀಗೆಯೇ ನಿಷೇಧಿಸಿದ್ದನು. ಆದರೆ ಜಹಾಂಗೀರನು ಆ ದೇಶಕ್ಕೆ ಕಳುಹಿಸಿದ ರಾಯಭಾರಿ ಖಾನ್ ಆಲಮನಿಗೆ ಹೊಗೆಯಿಲ್ಲದೆ ಗಳಿಗೆಯೂ ಕಳೆಯದು. ಶಹನು ಅವನೊಬ್ಬನಿಗೆ ವಿನಾಯಿತಿಯನ್ನು ಕೊಡಬೇಕಾಯಿತು. ರಾಯಭಾರಿಯ ಚಟದ ಮುಂದೆ ಎರಡು ಸಾಮ್ರಾಜ್ಯಗಳ ಶಾಸನಗಳೂ ಸೋತುವು.

ನಿಷೇಧವು ಸೋತಲ್ಲಿ ಸುಂಕವು ಬಂದಿತು. ಹದಿನೇಳನೆಯ ಶತಮಾನದ ನಡುವಿನ ವೇಳೆಗೆ ದಿಲ್ಲಿಯಲ್ಲಿ ಹೊಗೆಸೊಪ್ಪಿನ ಸುಂಕವು ಬೊಕ್ಕಸಕ್ಕೆ ದೊಡ್ಡ ಆದಾಯವಾಗಿದ್ದಿತೆಂಬುದು ಇಟಲಿಯ ಪ್ರವಾಸಿ ಮನೂಚಿಯ ಬರೆಹದಿಂದ ತಿಳಿಯುವುದು. ಗೋವೆಯಲ್ಲಿ ಪೋರ್ತುಗೀಸ್ ಸರಕಾರವು ಇದರ ಮಾರಾಟವನ್ನು ಗುತ್ತಿಗೆಗೆ ಕೊಟ್ಟು ಹಣವನ್ನು ಕೂಡಿಸಿತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕುಂಪಣಿ ಸರಕಾರವು ಮಲೆಯಾಳ ಕೆನರಾ ಸೀಮೆಗಳಲ್ಲಿ ಇದನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಹೀಗೆ ಆಳುವವರಿಗೂ ಆ ಸೊಪ್ಪಿಗೂ ಒಂದು ಹಂಗು ಬೆಳೆಯಿತು. ಕೇಡೆಂದು ತಿಳಿದಮೇಲೂ ಆದಾಯವನ್ನು ಬಿಡಲಾರದ ಸಂಕಟವು ಇಂದಿನ ಸರಕಾರಗಳಿಗೆ ಹೊಸದಾಗಿ ಬಂದುದಲ್ಲ.

ಸಾಹಿತ್ಯದ ಅಭ್ಯಾಸಿಗಳಿಗೆ ಈ ಚರಿತ್ರೆಯಿಂದ ಒಂದು ಪ್ರತ್ಯೇಕ ಪ್ರಯೋಜನವುಂಟು. ಮರಾಠಿ ಹಿಂದಿಗಳು ಈ ವಸ್ತುವಿನೊಡನೆ ಅದರ ಪರದೇಶದ ಹೆಸರನ್ನೂ ತಂಬಾಖು, ತಂಬಾಕು ಎಂದು ಬರಮಾಡಿಕೊಂಡುವು. ದಕ್ಷಿಣದ ಭಾಷೆಗಳು ಹಾಗೆ ಮಾಡಲಿಲ್ಲ. ಕನ್ನಡದಲ್ಲಿ ಹೊಗೆಸೊಪ್ಪು, ತೆಲುಗಿನಲ್ಲಿ ಪೊಗಾಕು, ತಮಿಳಿನಲ್ಲಿ ಪುಗೈಯಿಲೈ, ಮಲೆಯಾಳದಲ್ಲಿ ಪುಗಯಿಲ, ತುಳುವಿನಲ್ಲಿ ಪುಗೆರೆ. ಎಲ್ಲಕ್ಕೂ ಅರ್ಥವೊಂದೇ, ಹೊಗೆಯ ಎಲೆ. ಮಾತುಗಳು ಅಚ್ಚ ದೇಶೀಯವಾದುದರಿಂದ ವಸ್ತುವೂ ಪ್ರಾಚೀನವೆಂಬ ಭ್ರಾಂತಿ ಹುಟ್ಟುವುದು ಸಹಜ. ಆದರೆ ಹೊಗೆಯೆಂಬ ಮಾತು ಹಳೆಯದು, ಸೊಪ್ಪೆಂಬುದೂ ಹಳೆಯದು, ಸಮಾಸವು ಮಾತ್ರ ಹೊಸದು. ಆದುದರಿಂದ ಹದಿನಾರನೆಯ ಶತಮಾನಕ್ಕಿಂತ ಹಿಂದಿನದೆಂದು ಪ್ರಸಿದ್ಧವಾದ ಯಾವ ಕೃತಿಯಲ್ಲಿಯಾದರೂ ಹೊಗೆಸೊಪ್ಪು ಎಂಬ ಅರ್ಥದಲ್ಲಿ ಈ ಪದವು ಕಂಡರೆ, ಆ ಭಾಗವನ್ನು ಪ್ರಕ್ಷಿಪ್ತವೆಂದೋ ಕೃತಿಯ ಕಾಲವನ್ನು ಈಚಿನದೆಂದೋ ಸಂಶಯಿಸಲೇಬೇಕು. ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ತಾಂಬೂಲಭೋಗದ ವರ್ಣನೆಯು ವಿಸ್ತಾರವಾಗಿದೆ. ಅದರಲ್ಲಿ ಹೊಗೆಸೊಪ್ಪಿಗೆ ಎಡೆಯಿಲ್ಲ. ಎಲೆ ಅಡಿಕೆ ಸುಣ್ಣಗಳ ಪುರಾತನಕೂಟದಲ್ಲಿ ನಾಲ್ಕನೆಯದಾಗಿ ಸೇರಿದ ಈ ಸೊಪ್ಪು, ಮಂಗಳದ್ರವ್ಯವೆಂದು ಗೌರವಿಸಲ್ಪಟ್ಟ ತಾಂಬೂಲದ ಮರ್ಯಾದೆಯಲ್ಲಿ ತಾನೂ ಪಾಲು ಪಡೆಯಿತು. ಆದಿಲಶಹನು ಕೊಟ್ಟ ಎಲೆಯಡಿಕೆಯ ಚೀಲದಲ್ಲಿ ಅಸದ್ ಬೇಗನು ಹೊಗೆಸೊಪ್ಪನ್ನು ತುಂಬಿದುದು ಕಾಕತಾಳೀಯವಾದರೂ ಅರ್ಥವತ್ತಾಗಿದೆ.

ವೈದ್ಯನು ಆಗ್ರಾದಲ್ಲಿ ಬಯಸಿದ ಪರೀಕ್ಷೆಯ ಫಲವು ದೊರೆತುದು ಮೂರು ಶತಮಾನಗಳು ಕಳೆದಮೇಲೆ. ತಿರುವಾಂಕೂರು ಸೀಮೆಯಲ್ಲಿ ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಅಗಿಯುವವರ ಬಾಯ ಹುಣ್ಣನ್ನು ಪರಿಶೀಲಿಸಿದ ಡಾಕ್ಟರ್ ಆರ್ ಎಂಬವರ ಲೇಖನವು ೧೯೩೩ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ೧೯೫೦ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬ ವಿದ್ವಾಂಸರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಅಂಕಿಗಳಿಂದ ತೋರಿಸಿದರು. ಹೊಗೆಸೊಪ್ಪು ಬೆರೆತ ತಾಂಬೂಲವು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೧೯೮೫ರಲ್ಲಿ ನಿರ್ಣಯಿಸಿತು. ಭಾರತದಲ್ಲಿ ೨೦೦೩ರಲ್ಲಿ ಇದರ ಜಾಹೀರಾತು ಮಾರಾಟಗಳನ್ನು ಕಟ್ಟುಪಡಿಸುವ ಕಾನೂನು ಬಂದಿತು; ಕರ್ನಾಟಕದಲ್ಲಿ ೨೦೧೩ರಲ್ಲಿ ಗುಟ್ಕಾ ನಿಷಿದ್ಧವಾಯಿತು. ೨೦೦೯–೧೦ರ ಗಣನೆಯಲ್ಲಿ ದೇಶದ ವಯಸ್ಕರಲ್ಲಿ ನೂರಕ್ಕೆ ೩೪.೬ ಮಂದಿಯೂ ೨೦೧೬–೧೭ರ ಗಣನೆಯಲ್ಲಿ ೨೮.೬ ಮಂದಿಯೂ ಹೊಗೆಸೊಪ್ಪನ್ನು ಯಾವುದಾದರೊಂದು ರೂಪದಲ್ಲಿ ಬಳಸುವವರಾಗಿದ್ದರು. ಇಳಿತವುಂಟು, ಆದರೆ ಹುಣಸೂರು ಪಿರಿಯಾಪಟ್ಟಣಗಳ ರೈತನೂ ನಿಪ್ಪಾಣಿಯ ಬೀಡಿಕಾರ್ಮಿಕಳೂ ಇದೇ ಸೊಪ್ಪಿನಿಂದ ಹೊಟ್ಟೆಹೊರೆಯಬೇಕಾಗಿರುವುದರಿಂದ ಬಿಡುಗಡೆಯು ಸುಲಭವಲ್ಲ.

ಅಕ್ಬರನ ಸಭೆಯ ವಾದದಲ್ಲಿ ಸೋತವರು ವೈದ್ಯನೂ ಅಲ್ಲ, ಅಸದ್ ಬೇಗನೂ ಅಲ್ಲ. ಹೊಸದನ್ನು ಪರೀಕ್ಷಿಸಿ ತಿಳಿಯಬೇಕೆಂಬ ಅವರಿಬ್ಬರ ಸಮಾನವಾದ ಮಾತು ಸೋತಿತು. ಅಭ್ಯಾಸವು ಹಬ್ಬುವುದಕ್ಕೆ ಕೆಲವೇ ವರ್ಷಗಳು ಸಾಕಾದುವು, ಅದರ ಗುಣದೋಷಗಳು ನಿಶ್ಚಯವಾಗುವುದಕ್ಕೆ ಮುನ್ನೂರೈವತ್ತು ವರ್ಷಗಳು ಹಿಡಿದುವು. ಈ ಎರಡು ಕಾಲಗಳ ನಡುವಣ ಅಂತರದಲ್ಲಿ ಅಳಿದವರ ಲೆಕ್ಕವು ಯಾವ ಬಖೈರಿನಲ್ಲಿಯೂ ದಾಖಲೆಯಾಗಿಲ್ಲ.