ನೌರು: ನೆಲ ಮಾರಿ ಮುಗಿದ ಮೇಲೆ ಒಂದು ದೇಶ ಏನನ್ನು ಮಾರುತ್ತದೆ?

ಇಂಜಿನಿಯರಿಂಗ್ ಓದುವಾಗ ಕ್ವಿಜ್‌ಗಳಲ್ಲಿ ನಮಗೆಲ್ಲ ನೌರು ಅಂದ್ರೆ ಗ್ಯಾರಂಟಿ ಪಾಯಿಂಟ್. ಅಧಿಕೃತ ರಾಜಧಾನಿಯೇ ಇಲ್ಲದ ದೇಶ ಯಾವುದು? ನೌರು. ಜಗತ್ತಿನ ಅತಿ ಚಿಕ್ಕ ಗಣರಾಜ್ಯ ಯಾವುದು? ನೌರು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕು ಅಂತಲೂ ಅನ್ನಿಸಿರಲಿಲ್ಲ.

ಪತ್ರಿಕೋದ್ಯಮಕ್ಕೆ ಬಂದ ಮೇಲೆ ಅದೇ ಹೆಸರು ಒಂದಕ್ಕೊಂದು ಸಂಬಂಧವೇ ಇಲ್ಲದ ಸುದ್ದಿಗಳಲ್ಲಿ ಸಿಗತೊಡಗಿತು. ಆಸ್ಟ್ರೇಲಿಯಾ ತನಗೆ ಬೇಡವಾದ ನಿರಾಶ್ರಿತರನ್ನು ಕಳಿಸುವ ಜಾಗ. ತೈವಾನ್ ಬಿಟ್ಟು ಚೀನಾಕ್ಕೆ, ಚೀನಾ ಬಿಟ್ಟು ತೈವಾನ್‌ಗೆ ಜಿಗಿಯುವ ದೇಶ. ಸಮುದ್ರದ ತಳದಲ್ಲಿ ಗಣಿಗಾರಿಕೆ ಶುರು ಮಾಡಿ ಅಂತ ಒತ್ತಡ ಹಾಕಿದ ದೇಶ. ಪಾಸ್‌ಪೋರ್ಟ್ ಮಾರಾಟಕ್ಕಿಟ್ಟ ದೇಶ. ಸುಮಾರು 12 ಸಾವಿರ ಜನಸಂಖ್ಯೆಯ ದ್ವೀಪವೊಂದು ಇಷ್ಟೆಲ್ಲ ಕಡೆ ಯಾಕೆ ಕಾಣಿಸಿಕೊಳ್ಳುತ್ತೆ?

ಇದಕ್ಕೆ ಸೋಶಿಯಲ್ ಮೀಡಿಯಾದಲ್ಲಿ ಒಂದು ರೆಡಿಮೇಡ್ ಉತ್ತರ ಇದೆ: ಹಕ್ಕಿ ಹಿಕ್ಕೆಯಿಂದ ದಿಢೀರ್ ಶ್ರೀಮಂತರಾದ ಜನ, ದುಡ್ಡೆಲ್ಲ ಉಡಾಯಿಸಿ ಬೀದಿಗೆ ಬಂದರು. ಕೇಳೋಕೆ ನೀತಿಕಥೆಯ ಥರ ಚೆನ್ನಾಗಿದೆ. ಆದರೆ ಅದರಲ್ಲಿ ಅರ್ಧ ಕಥೆ ಬಿಟ್ಟುಹೋಗಿದೆ. ಆ ಅರ್ಧ ಗೊತ್ತಾಗಬೇಕಾದರೆ ನೌರುವಿನ ನೆಲದಿಂದಲೇ ಶುರು ಮಾಡಬೇಕು.

ಉಂಗುರದ ಮೇಲೆ ಊರು

ಪೆಸಿಫಿಕ್ ಸಾಗರದಲ್ಲಿ, ಸಮಭಾಜಕ ವೃತ್ತದಿಂದ ತುಸುವೇ ದಕ್ಷಿಣಕ್ಕೆ, ಮೊಟ್ಟೆಯಾಕಾರದ ಒಂಟಿ ದ್ವೀಪ ನೌರು. ಅತಿ ಹತ್ತಿರದ ನೆರೆಯ ನೆಲವಾದ ಕಿರಿಬಾಟಿಯ ಬನಾಬಾ ದ್ವೀಪಕ್ಕೇ ಸುಮಾರು 300 ಕಿಲೋಮೀಟರ್. ವಿಸ್ತೀರ್ಣ 21 ಚದರ ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಸುಮಾರು 5,200 ಎಕರೆ. ವ್ಯಾಟಿಕನ್ ಮತ್ತು ಮೊನಾಕೊ ಬಿಟ್ಟರೆ ಇದಕ್ಕಿಂತ ಚಿಕ್ಕ ದೇಶ ಇಲ್ಲ. 14 ಜಿಲ್ಲೆಗಳು, 19 ಸದಸ್ಯರ ಸಂಸತ್ತು. ಸಂಸತ್ತು ಮತ್ತು ಸರ್ಕಾರಿ ಕಚೇರಿಗಳು ಯಾರೆನ್ ಜಿಲ್ಲೆಯಲ್ಲಿವೆ.

ದ್ವೀಪದ ಅಂಚಿನಲ್ಲಿ ತೆಳುವಾದ ಕರಾವಳಿ ಪಟ್ಟಿ. ಅದನ್ನು ಸುತ್ತಿ ಬರಲು ಸುಮಾರು 19 ಕಿಲೋಮೀಟರ್‌ನ ಒಂದೇ ರಸ್ತೆ. ಮನೆ, ಶಾಲೆ, ಆಸ್ಪತ್ರೆ, ವಿಮಾನ ನಿಲ್ದಾಣ ಬಹುತೇಕ ಎಲ್ಲ ಈ ಪಟ್ಟಿಯ ಮೇಲೇ. ಸ್ವಲ್ಪ ಒಳಗೆ ಬುವಾಡಾ ಅನ್ನೋ ಕೆರೆಯ ಸುತ್ತ ಒಂದಷ್ಟು ಹಸಿರಿದೆ. ಉಳಿದಿದ್ದೆಲ್ಲ ಮಧ್ಯದ ಪ್ರಸ್ಥಭೂಮಿ. ಸ್ಥಳೀಯರು ಅದನ್ನು 'ಟಾಪ್‌ಸೈಡ್' ಅಂತಾರೆ. ದ್ವೀಪದ ಸುಮಾರು ಶೇ. 80ರಷ್ಟು ಜಾಗ ಅದು, ಮತ್ತು ಅದೆಲ್ಲ ಗಣಿಗಾರಿಕೆಗೆ ತುತ್ತಾಗಿದೆ.

ಗಣಿ ಅಂದ ಕೂಡಲೇ ಒಂದು ದೊಡ್ಡ ಗುಂಡಿಯನ್ನು ಕಲ್ಪಿಸಿಕೊಳ್ಳಬೇಡಿ. ಇಲ್ಲಿ ಫಾಸ್ಫೇಟ್ ಅದಿರು ಇದ್ದದ್ದು ಪ್ರಾಚೀನ ಹವಳದ ಸುಣ್ಣಕಲ್ಲಿನ ಕಂಬಗಳ ನಡುವಿನ ಸಂದುಗಳಲ್ಲಿ. ಸಂದಿನಲ್ಲಿದ್ದ ಅದಿರನ್ನು ಬಾಚಿ ತೆಗೆದ ಮೇಲೆ ಉಳಿಯೋದು ಆಳೆತ್ತರಕ್ಕೂ ಮೀರಿದ ಚೂಪು ಕಲ್ಲುಗಳ ಕಾಡು. ಅಲ್ಲಿ ಬೆಳೆ ಬೆಳೆಯೋಕಾಗಲ್ಲ, ಮನೆ ಕಟ್ಟೋಕಾಗಲ್ಲ, ನೆಟ್ಟಗೆ ನಡೆಯೋಕೂ ಆಗಲ್ಲ.

ಬಾಗಿಲಿಗೆ ಆನಿಸಿದ್ದ ಕಲ್ಲು

1888ರಲ್ಲಿ ಜರ್ಮನಿ ನೌರುವನ್ನು ವಶಕ್ಕೆ ತೆಗೆದುಕೊಂಡಿತು. ಅದಿರಿನ ವಿಷಯ ಆಗ ಅದಕ್ಕೂ ಗೊತ್ತಿರಲಿಲ್ಲ. 1899ರ ಸುಮಾರಿಗೆ ಸಿಡ್ನಿಯ ಕಂಪನಿಯೊಂದರ ಕಚೇರಿಯಲ್ಲಿ ಬಾಗಿಲು ಮುಚ್ಚಿಕೊಳ್ಳದಂತೆ ಆನಿಸಿಟ್ಟಿದ್ದ ನೌರುವಿನ ಕಲ್ಲೊಂದನ್ನು ಆಲ್ಬರ್ಟ್ ಎಲ್ಲಿಸ್ ಎಂಬ ಉದ್ಯೋಗಿ ಪರೀಕ್ಷೆ ಮಾಡಿಸಿದ. ಅದು ಉತ್ಕೃಷ್ಟ ದರ್ಜೆಯ ಫಾಸ್ಫೇಟ್. 1907ರ ಹೊತ್ತಿಗೆ ಅದಿರಿನ ಹಡಗುಗಳು ಹೊರಡತೊಡಗಿದವು. ನೆಲದ ಒಡೆಯರಿಗೆ ಸಿಗುತ್ತಿದ್ದ ರಾಯಧನ ಆರಂಭದಲ್ಲಿ ಟನ್ನಿಗೆ ಅರ್ಧ ಪೆನ್ನಿ.

ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾ ದ್ವೀಪವನ್ನು ಹಿಡಿಯಿತು. 1919ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ 'ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್' ಎಂಬ ವ್ಯವಸ್ಥೆ ಮಾಡಿಕೊಂಡವು. ಅದಿರನ್ನು ಮಾರುಕಟ್ಟೆಗಿಂತ ಅಗ್ಗದ ಬೆಲೆಗೆ ತಮ್ಮ ರೈತರಿಗೆ ಒದಗಿಸೋದು ಇದರ ಉದ್ದೇಶ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಮಣ್ಣಿನಲ್ಲಿ ರಂಜಕ ಕಡಿಮೆ. ಅಲ್ಲಿನ ಗೋಧಿ, ಹುಲ್ಲುಗಾವಲು, ಉಣ್ಣೆ, ಬೆಣ್ಣೆಯ ಸಮೃದ್ಧಿಯಲ್ಲಿ ನೌರುವಿನ ನೆಲ ಕರಗಿದೆ ಅಂದ್ರೆ ಅದು ಅಲಂಕಾರದ ಮಾತಲ್ಲ, ರಸಾಯನಶಾಸ್ತ್ರ.

ಎರಡನೇ ಮಹಾಯುದ್ಧದಲ್ಲಿ ಜಪಾನ್ ಬಂತು. 1943ರಲ್ಲಿ ಸುಮಾರು 1,200 ನೌರುವನ್ನರನ್ನು ಟ್ರುಕ್ ದ್ವೀಪಗಳಿಗೆ ಸಾಗಿಸಿತು. 1946ರ ಜನವರಿ 31ರಂದು ವಾಪಸ್ ಬಂದವರು 737 ಜನ. ಅದೇ ದಿನಾಂಕವನ್ನು ಆರಿಸಿಕೊಂಡು 1968ರ ಜನವರಿ 31ರಂದು ನೌರು ಸ್ವತಂತ್ರವಾಯಿತು. ಹ್ಯಾಮರ್ ಡಿರೋಬರ್ಟ್ ಮೊದಲ ಅಧ್ಯಕ್ಷರಾದರು. ಅದಕ್ಕೆ ಮುಂಚೆ, ಗಣಿ ಮುಗಿದ ಮೇಲೆ ಇಲ್ಲಿ ಬದುಕೋಕಾಗಲ್ಲ, ಇಡೀ ಜನಾಂಗವನ್ನೇ ಕ್ವೀನ್ಸ್‌ಲ್ಯಾಂಡ್‌ನ ಕರ್ಟಿಸ್ ದ್ವೀಪಕ್ಕೆ ಸಾಗಿಸೋಣ ಅಂತ ಆಸ್ಟ್ರೇಲಿಯಾ ಪ್ರಸ್ತಾಪ ಇಟ್ಟಿತ್ತು. ಅಲ್ಲಿ ಸಾರ್ವಭೌಮತ್ವ ಸಿಗಲ್ಲ ಅಂತ ಗೊತ್ತಾದಾಗ 1964ರಲ್ಲಿ ನೌರುವನ್ನರು ಒಲ್ಲೆ ಅಂದರು. ಈ 'ಸಾರ್ವಭೌಮತ್ವ' ಅನ್ನೋ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ತಮ್ಮದೇ ನೆಲದ ಗಣಿ ಉದ್ಯಮವನ್ನು ಅವರು 2.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಖರೀದಿಸಬೇಕಾಯಿತು.

ದುಡ್ಡು ಬಂತು, ಹೋಯ್ತು

1970ರ ದಶಕದಲ್ಲಿ ತಲಾ ಆದಾಯದಲ್ಲಿ ನೌರು ಜಗತ್ತಿನ ಮೊದಲ ಸಾಲಿನಲ್ಲಿತ್ತು. ಆದಾಯ ತೆರಿಗೆ ಇರಲಿಲ್ಲ. ಅದಿರು ಖಾಲಿಯಾದ ಮೇಲಿನ ದಿನಗಳಿಗಾಗಿ ರಾಯಧನದ ಟ್ರಸ್ಟ್ ಕೂಡ ಇತ್ತು. ಅದರ ಆಸ್ತಿ ಒಂದು ಹಂತದಲ್ಲಿ ನೂರು ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿತ್ತು. ಅಂದ್ರೆ ಮುಂದಾಲೋಚನೆ ಇರಲಿಲ್ಲ ಅನ್ನೋದು ಸುಳ್ಳು. ಇರದೇ ಇದ್ದದ್ದು ಆ ದುಡ್ಡಿನ ಮೇಲೆ ಕಣ್ಣಿಡುವ ವ್ಯವಸ್ಥೆ.

1977ರಲ್ಲಿ ಮೆಲ್ಬರ್ನ್‌ನಲ್ಲಿ 52 ಮಹಡಿಯ ನೌರು ಹೌಸ್ ಎದ್ದಿತು. ದ್ವೀಪದ ಜನಸಂಖ್ಯೆಗೆ ಹೋಲಿಸಿದರೆ ಹಾಸ್ಯಾಸ್ಪದ ಅನ್ನಿಸುವಷ್ಟು ದೊಡ್ಡ ವಿಮಾನಯಾನ ಸಂಸ್ಥೆ ಬಂತು. 1993ರಲ್ಲಿ ಲಂಡನ್‌ನಲ್ಲಿ ಲಿಯೊನಾರ್ಡೊ ಡ ವಿಂಚಿ ಕುರಿತ ಸಂಗೀತ ನಾಟಕಕ್ಕೂ ನೌರುವಿನ ಹಣ ಹೋಯಿತು. ಅದು ಮಕಾಡೆ ಮಲಗಿತು. ದುರಾಡಳಿತ, ಸಲಹೆಗಾರರ ವಂಚನೆ, ಸಾಲ ಎಲ್ಲ ಸೇರಿ ಟ್ರಸ್ಟ್ ಕರಗಿತು. ಇದಕ್ಕೆ ನೌರುವಿನ ನಾಯಕರೇ ಹೊಣೆ, ಅವರನ್ನು ವಸಾಹತುಶಾಹಿಯ ನೆಪ ಹೇಳಿ ಪಾರು ಮಾಡೋಕಾಗಲ್ಲ.

ಆ ಹೂಡಿಕೆಗಳಲ್ಲಿ ಒಂದು ನಮ್ಮ ದೇಶದಲ್ಲೂ ಇತ್ತು. 1981ರಲ್ಲಿ ಒಡಿಶಾದಲ್ಲಿ ಶುರುವಾದ ಪಾರಾದೀಪ್ ಫಾಸ್ಫೇಟ್ಸ್, ಭಾರತ ಸರ್ಕಾರ ಮತ್ತು ನೌರು ಗಣರಾಜ್ಯದ ಜಂಟಿ ಉದ್ಯಮ. 1993ರಲ್ಲಿ ನೌರು ಹೊರನಡೆಯಿತು. ಮುಂದೆ ಆ ಕಂಪನಿ ಖಾಸಗಿಯವರ ಪಾಲಾಯಿತು. ನಮ್ಮ ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಅನ್ನು ವಿಲೀನ ಮಾಡಿಕೊಳ್ಳುವುದಾಗಿ 2024ರಲ್ಲಿ ಘೋಷಿಸಿದ್ದು ಇದೇ ಕಂಪನಿ.

ಅತ್ತ ನೌರು 1989ರಲ್ಲಿ ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು. ಸ್ವಾತಂತ್ರ್ಯಕ್ಕೆ ಮುಂಚೆ ಅಗೆದು ಬಿಟ್ಟುಹೋದ ನೆಲವನ್ನು ಸರಿಪಡಿಸುವ ಹೊಣೆ ನಿಮ್ಮದು ಅನ್ನೋದು ವಾದ. ಈ ನೆಲದ ಬಗ್ಗೆ ನೌರು ನೇಮಿಸಿದ್ದ ತನಿಖಾ ಆಯೋಗದ ಮುಖ್ಯಸ್ಥರಾಗಿದ್ದವರು ಶ್ರೀಲಂಕಾದ ನ್ಯಾಯಶಾಸ್ತ್ರಜ್ಞ ಸಿ.ಜಿ. ವೀರಮಂತ್ರಿ. ಪ್ರಕರಣ ವಿಚಾರಣೆಗೆ ಯೋಗ್ಯ ಅಂತ ನ್ಯಾಯಾಲಯ 1992ರಲ್ಲಿ ಹೇಳಿದ ಮೇಲೆ, 1993ರಲ್ಲಿ 10.7 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ರಾಜಿಯಾಯಿತು. ನೆಲ ಮಾತ್ರ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ.

2004ರಲ್ಲಿ ಸಾಲಕ್ಕಾಗಿ ನೌರು ಹೌಸ್ ಕೈಬಿಟ್ಟಿತು. 2005ರ ಕೊನೆಗೆ, ಉಳಿದಿದ್ದ ಒಂದೇ ವಿಮಾನವೂ ಸಾಲ ಕೊಟ್ಟವರ ವಶವಾಯಿತು.

ರನ್‌ವೇ, ನೀರು, ಕರೆಂಟು

ವಿಮಾನ ಹೋಯ್ತು ಅಂದ್ರೆ ನೌರುವಿನಲ್ಲಿ ಏನರ್ಥ ಅನ್ನೋದಕ್ಕೆ ಅಲ್ಲಿನ ಮೂಲಸೌಕರ್ಯ ನೋಡಬೇಕು. ಇರೋದು ಒಂದೇ ರನ್‌ವೇ. ಯುದ್ಧಕಾಲದಲ್ಲಿ ಜಪಾನಿಗಳು ಬಲವಂತದ ದುಡಿಮೆಯಿಂದ ಕಟ್ಟಿಸಿದ್ದು. ರಸ್ತೆ ಅದರ ಪಕ್ಕದಲ್ಲೇ ಹಾದುಹೋಗುವುದರಿಂದ ವಿಮಾನ ಇಳಿಯುವಾಗ ಟ್ರಾಫಿಕ್ ನಿಲ್ಲಿಸುತ್ತಾರೆ.

ನೈಸರ್ಗಿಕ ಬಂದರು ಇಲ್ಲ. ಹವಳದ ದಿಬ್ಬ ದಾಟಿದ ಕೂಡಲೇ ಸಮುದ್ರ ಕಡಿದಾಗಿ ಆಳಕ್ಕಿಳಿಯುತ್ತೆ. ಹೀಗಾಗಿ ದಶಕಗಳ ಕಾಲ ಹಡಗುಗಳನ್ನು ತೇಲು ಬುರುಡೆಗಳಿಗೆ ಕಟ್ಟಿ, ಸರಕನ್ನು ದೋಣಿಗಳಲ್ಲಿ ದಡಕ್ಕೆ ತರಬೇಕಿತ್ತು. ಐವೊ ಜಿಲ್ಲೆಯಲ್ಲಿ ಹೊಸ ಬಂದರು ಯೋಜನೆಗೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್, ಗ್ರೀನ್ ಕ್ಲೈಮೇಟ್ ಫಂಡ್ ಮತ್ತು ಆಸ್ಟ್ರೇಲಿಯಾ ಹಣ ಹಾಕಿವೆ. ಕೆಲಸದ ಗುತ್ತಿಗೆ ಸಿಕ್ಕಿದ್ದು ಚೀನಾದ ಕಂಪನಿಗೆ.

ನದಿ ಇಲ್ಲ. ಕುಡಿಯೋಕೆ ಚಾವಣಿಯ ಮಳೆನೀರು, ಇಲ್ಲಾಂದ್ರೆ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ. ಆ ಘಟಕಕ್ಕೆ ಕರೆಂಟು ಬೇಕು, ಕರೆಂಟಿಗೆ ಬಹುಪಾಲು ಡೀಸೆಲ್, ಡೀಸೆಲ್‌ಗೆ ಹಡಗು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ನಲ್ಲಿಯಲ್ಲಿ ನೀರಿಲ್ಲ. ಈಚೆಗೆ ಸೌರ ವಿದ್ಯುತ್ ಸೇರಿದೆ, ಆದರೆ ಡೀಸೆಲ್‌ನಿಂದ ಬಿಡುಗಡೆ ಸಿಕ್ಕಿಲ್ಲ. ತಿನ್ನೋದೂ ಹೆಚ್ಚಾಗಿ ಆಮದು. ಬಿಳಿ ಅಕ್ಕಿ, ಡಬ್ಬಿ ಮಾಂಸ, ಸಕ್ಕರೆ ಪಾನೀಯ. ಬೊಜ್ಜು ಮತ್ತು ಮಧುಮೇಹದಲ್ಲಿ ನೌರು ಜಗತ್ತಿನ ಮೇಲಿನ ಸ್ಥಾನಗಳಲ್ಲಿದೆ. ಇದನ್ನು 'ಸೋಮಾರಿ ಜನ' ಅಂತ ಆಡಿಕೊಳ್ಳುವವರು ಬೆಳೆ ಬೆಳೆಯಬೇಕಿದ್ದ ನೆಲ ಎಲ್ಲಿಗೆ ಹೋಯಿತು ಅಂತ ಕೇಳಲ್ಲ.

ಸ್ವಂತ ಕರೆನ್ಸಿಯೂ ಇಲ್ಲ, ನಡೆಯೋದು ಆಸ್ಟ್ರೇಲಿಯನ್ ಡಾಲರ್.

ಉಳಿದ ಸರಕು: ದೇಶ ಎಂಬ ಪಟ್ಟ

ಈಗ ಆ ಪದಕ್ಕೆ ಬರೋಣ. ನೆಲ ಮುಗಿದ ಮೇಲೂ ನೌರುವಿನ ಬಳಿ ಉಳಿದದ್ದು ಸಾರ್ವಭೌಮತ್ವ. ವಿಶ್ವಸಂಸ್ಥೆಯಲ್ಲಿ ಒಂದು ಓಟು, ಕಾನೂನು ಮಾಡುವ ಹಕ್ಕು, ವೀಸಾ ಕೊಡುವ ಹಕ್ಕು, ಸುತ್ತಲಿನ ಸಮುದ್ರದ ಹಕ್ಕು. ಒಂದೊಂದಾಗಿ ಎಲ್ಲಕ್ಕೂ ಗಿರಾಕಿ ಸಿಕ್ಕರು.

ಮೊದಲು ಬ್ಯಾಂಕ್ ಲೈಸೆನ್ಸ್. 1990ರ ದಶಕದಲ್ಲಿ ಹೆಸರಿಗಷ್ಟೇ ಇರುವ ನೂರಾರು ಬ್ಯಾಂಕುಗಳು ನೌರುವಿನಲ್ಲಿ ನೋಂದಣಿಯಾದವು. 1998ರಲ್ಲಿ ಸುಮಾರು 7,000 ಕೋಟಿ ಡಾಲರ್ ರಷ್ಯಾದಿಂದ ಇವುಗಳ ಮೂಲಕ ಹರಿಯಿತು ಅಂತ ರಷ್ಯಾದ ಕೇಂದ್ರೀಯ ಬ್ಯಾಂಕೇ ಹೇಳಿತು. ಅಂತರರಾಷ್ಟ್ರೀಯ ಕಪ್ಪುಪಟ್ಟಿಗೆ ಸೇರಿದ ಮೇಲೆ ಆ ದಂಧೆ ನಿಂತಿತು.

ನಂತರ ರಾಜತಾಂತ್ರಿಕ ಮಾನ್ಯತೆ. 2002ರಲ್ಲಿ ತೈವಾನ್ ಬಿಟ್ಟು ಚೀನಾ, 2005ರಲ್ಲಿ ಮತ್ತೆ ತೈವಾನ್, 2024ರ ಜನವರಿಯಲ್ಲಿ ಮತ್ತೆ ಚೀನಾ. 2009ರಲ್ಲಿ ರಷ್ಯಾದ ಬೆಂಬಲವಿರುವ ಅಬ್ಖಾಜಿಯಾ, ದಕ್ಷಿಣ ಒಸೆಟಿಯಾಗಳಿಗೂ ಮಾನ್ಯತೆ.

ಆಮೇಲೆ ಮನುಷ್ಯರನ್ನು ಕೂಡಿಹಾಕುವ ಜಾಗ. 2001ರಲ್ಲಿ ಟಾಂಪಾ ಹಡಗು ಸಮುದ್ರದಲ್ಲಿ ರಕ್ಷಿಸಿದ 433 ಜನರನ್ನು, ಅವರಲ್ಲಿ ಬಹುಪಾಲು ಆಫ್ಘನ್ನರು, ಒಳಗೆ ಬಿಡಲ್ಲ ಅಂತ ಆಸ್ಟ್ರೇಲಿಯಾ ಹಟ ಹಿಡಿಯಿತು. ಹಣಕ್ಕೆ ಪ್ರತಿಯಾಗಿ ನೌರುವಿನಲ್ಲಿ ಕೇಂದ್ರ ತೆರೆಯಿತು. 2008ರಲ್ಲಿ ಮುಚ್ಚಿತು, 2012ರಲ್ಲಿ ಮತ್ತೆ ತೆರೆಯಿತು. ಅಲ್ಲಿಂದ ಮಕ್ಕಳ ಆತ್ಮಹತ್ಯಾ ಯತ್ನಗಳ ಸುದ್ದಿ ಬಂದಾಗಲೂ ವ್ಯವಸ್ಥೆ ನಿಲ್ಲಲಿಲ್ಲ. 2025ರಲ್ಲಿ ಇನ್ನೊಂದು ಒಪ್ಪಂದ: ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಲಾಗದ, ಜೈಲಿನಲ್ಲೂ ಇಡಲಾಗದ ವಿದೇಶಿಯರನ್ನು ನೌರು ತೆಗೆದುಕೊಳ್ಳುತ್ತದೆ. ಆರಂಭಿಕ ಮೊತ್ತ 40.8 ಕೋಟಿ ಆಸ್ಟ್ರೇಲಿಯನ್ ಡಾಲರ್, ಆಮೇಲೆ ವರ್ಷಕ್ಕೆ 7 ಕೋಟಿ.

ಇದಕ್ಕೆ ಬೆಲೆ ತೆತ್ತದ್ದು ಬರೀ ನಿರಾಶ್ರಿತರಲ್ಲ. 2014ರಲ್ಲಿ ವಿದೇಶಿ ಪತ್ರಕರ್ತರ ವೀಸಾ ಅರ್ಜಿ ಶುಲ್ಕ 200ರಿಂದ 8,000 ಆಸ್ಟ್ರೇಲಿಯನ್ ಡಾಲರ್‌ಗೆ ಏರಿತು, ವೀಸಾ ಸಿಗದಿದ್ದರೆ ದುಡ್ಡು ವಾಪಸ್ ಇಲ್ಲ. ವಿರೋಧ ಪಕ್ಷದ ಸಂಸದರು ಅಮಾನತಾದರು. 2015ರಲ್ಲಿ ಫೇಸ್‌ಬುಕ್ ಬಂದ್ ಆಯಿತು. ಹೊರಗಿನವರ ಗುಟ್ಟು ಕಾಯುವ ವ್ಯಾಪಾರಕ್ಕಿಳಿದ ಸರ್ಕಾರ ತನ್ನ ಪ್ರಜೆಗಳಿಗೂ ಉತ್ತರ ಕೊಡೋದನ್ನು ನಿಲ್ಲಿಸುತ್ತೆ.

ಇನ್ನು ಸಮುದ್ರದ ತಳ. ಕೆನಡಾದ ಕಂಪನಿಯೊಂದರ ಅಂಗಸಂಸ್ಥೆಗೆ ನೌರು ಪ್ರಾಯೋಜಕ ರಾಷ್ಟ್ರ. 2021ರಲ್ಲಿ ಎರಡು ವರ್ಷದೊಳಗೆ ನಿಯಮ ರೂಪಿಸಿ ಅಂತ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ಗಡುವು ಕೊಟ್ಟದ್ದು ಇದೇ ಪುಟ್ಟ ದೇಶ. ಗಣಿಯಿಂದ ಹಾಳಾದವರೇ ಇನ್ನೊಂದು ಗಣಿಗೆ ಬಾಗಿಲು ತಟ್ಟುತ್ತಿದ್ದಾರೆ.

ಎಲ್ಲವೂ ಹೀಗೇ ಅಂತಲ್ಲ. 1982ರ ನೌರು ಒಪ್ಪಂದದಡಿ ಎಂಟು ಪೆಸಿಫಿಕ್ ದೇಶಗಳು ಒಟ್ಟಾಗಿ ನಿಂತು, ವಿದೇಶಿ ಟ್ಯೂನಾ ದೋಣಿಗಳಿಗೆ ದಿನದ ಲೆಕ್ಕದಲ್ಲಿ ಶುಲ್ಕ ವಿಧಿಸುತ್ತವೆ. ಒಬ್ಬೊಬ್ಬರೇ ಚೌಕಾಸಿ ಮಾಡುವಾಗ ಸಿಗದ ಬೆಲೆ ಒಗ್ಗಟ್ಟಿನಲ್ಲಿ ಸಿಕ್ಕಿತು. ಸಾರ್ವಭೌಮತ್ವವನ್ನು ಮಾರುವುದಕ್ಕೂ ಬಳಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. 2015ರಲ್ಲಿ ಹೊಸ ಟ್ರಸ್ಟ್ ನಿಧಿಯೂ ಶುರುವಾಗಿದೆ, ಈ ಸಲ ಹೊರಗಿನ ಪಾಲುದಾರರ ಉಸ್ತುವಾರಿಯೊಂದಿಗೆ.

ಎತ್ತರದ ಜಾಗ

2025ರಲ್ಲಿ ನೌರು ಪೌರತ್ವ ಮಾರಾಟ ಆರಂಭಿಸಿತು. ಘೋಷಿಸಿದಾಗ ಕನಿಷ್ಠ ಬೆಲೆ 1,05,000 ಅಮೆರಿಕನ್ ಡಾಲರ್. ಆ ಹಣ ಯಾಕೆ ಗೊತ್ತಾ? ಏರುತ್ತಿರುವ ಸಮುದ್ರದಿಂದ ಕರಾವಳಿ ಪಟ್ಟಿಯ ಮನೆಗಳನ್ನು ಒಳಗಿನ ಎತ್ತರದ ಜಾಗಕ್ಕೆ ಸ್ಥಳಾಂತರಿಸೋಕೆ. ಟುವಾಲು ಥರದ ದೇಶಗಳಿಗೆ ಹತ್ತಿ ನಿಲ್ಲೋಕೆ ಎತ್ತರದ ನೆಲವೇ ಇಲ್ಲ. ನೌರುವಿಗೆ ಇದೆ, ಅದೇ ಟಾಪ್‌ಸೈಡ್. ಆದರೆ ಅಲ್ಲಿ ಈಗ ಇರೋದು ಕಲ್ಲಿನ ಕಂಬಗಳು. ಅವನ್ನು ಕತ್ತರಿಸಿ, ಮಟ್ಟ ಮಾಡಿ, ಮೇಲೆ ಮಣ್ಣು ಹಾಕಿದ ಮೇಲಷ್ಟೇ ಮನೆ.

ಅಂದ್ರೆ 1989ರಲ್ಲಿ ನ್ಯಾಯಾಲಯದಲ್ಲಿ ಕೇಳಿದ ಕೆಲಸವೇ ಇನ್ನೂ ಬಾಕಿ ಇದೆ. ಬಿಲ್ಲು ಮಾತ್ರ ನೆಲ ತಿಂದವರ ಬದಲು ನೌರುವಿನ ಕೈಗೇ ಬಂದಿದೆ. ಅದನ್ನು ಕಟ್ಟೋಕೆ ಆ ದೇಶ ತನ್ನ ಪೌರತ್ವ ಮಾರುತ್ತಿದೆ. ಮುಂದಿನ ಸಲ ನೌರು ಬಗ್ಗೆ ತಮಾಷೆಯ ರೀಲ್ ಬಂದಾಗ ಫಾರ್ವರ್ಡ್ ಮಾಡೋ ಮುಂಚೆ ಈ ಲೆಕ್ಕವನ್ನೂ ಜೊತೆಗೆ ಹೇಳಿ.